ಹೋಗಿ ಬಾ ಮರಿ

ಒಂದು ನಿಮಿಷ, ಎದ್ದು ಹೋಗಬೇಡಿ, ಇದನ್ನು ಪೂರ್ತಿ ಕೇಳಿಬಿಡಿ. ನಮ್ಮ ಆಲ್ಡರ್ ಬೇ ಊರಿನ ಬೇಸ್‌ಬಾಲ್ ಮೈದಾನದಲ್ಲಿ ಈ ಸಲದ ಮೊದಲ ಆಟದ ದಿನ ಏನಾಯಿತು ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ಗಾಳಿ ಅನ್ನುವವರಿದ್ದಾರೆ, ಬಿಯರ್ ಅನ್ನುವವರಿದ್ದಾರೆ, ಸರೋವರದ ದೆವ್ವ ಅನ್ನುವವರೂ ಇದ್ದಾರೆ. ನಾನು ಆರ್ವಿಯ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ಹಾಗಾಗಿ ನನ್ನ ಬಾಯಿಂದಲೇ ಕೇಳಿ.

ಆರ್ವಿ ಅಂದರೆ ಆರ್ವಿಡ್ ಸ್ಟೆನ್. ನಮ್ಮ ಸ್ಟರ್ಜನ್ಸ್ ತಂಡದ ಆಟಗಳನ್ನು ರೇಡಿಯೋದಲ್ಲಿ ಹೇಳುವವರು. ಎಷ್ಟು ವರ್ಷದಿಂದ ಅಂದರೆ, ನಮ್ಮಮ್ಮ ಫ್ರಾಕು ಹಾಕಿಕೊಂಡು ಓಡಾಡುತ್ತಿದ್ದಾಗಲೂ ಅವರೇ. ನಮ್ಮದು ದೊಡ್ಡ ತಂಡವೇನಲ್ಲ. ಇಲ್ಲಿ ಚೆನ್ನಾಗಿ ಆಡಿದ ಹುಡುಗರು ಮೇಲಿನ ತಂಡಕ್ಕೆ ಹೋಗುತ್ತಾರೆ, ಆಡದವರು ಮನೆಗೆ ಹೋಗುತ್ತಾರೆ, ಅಂತೂ ಯಾರೂ ನಿಲ್ಲುವುದಿಲ್ಲ. ನಿಂತವರು ಆರ್ವಿ ಒಬ್ಬರೇ. ಸರೋವರದಲ್ಲಿ ಬಲೆ ಬೀಸುವವರು ದೋಣಿಯಲ್ಲಿ ಅವರನ್ನು ಕೇಳುತ್ತಾರೆ. ಬೇಕರಿಯವರು ಹಿಟ್ಟು ನಾದುತ್ತಾ ಕೇಳುತ್ತಾರೆ. ನಾನು ಎಣಿಸುವುದನ್ನು ಕಲಿತದ್ದೇ ಅವರು ಹೇಳುವ ಸ್ಕೋರಿನಿಂದ. ಹಾಗಾಗಿ ಹತ್ತರ ಮೇಲೆ ಎಣಿಸುವುದು ನನಗೆ ತಡವಾಗಿ ಬಂತು ಅಂತ ನಮ್ಮಮ್ಮ ಈಗಲೂ ತಮಾಷೆ ಮಾಡುತ್ತಾಳೆ.

ಇನ್ನೊಂದು ವಿಷಯ, ಇದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮೂರಿನವರು ಮೈದಾನಕ್ಕೆ ಬರುವಾಗಲೂ ರೇಡಿಯೋ ತರುತ್ತಾರೆ. ಕೋಟಿನ ಜೇಬಿನಲ್ಲಿ ಒಂದು, ಮಡಿಲಲ್ಲಿ ಒಂದು, ಕಿವಿಗೆ ಒತ್ತಿಕೊಂಡದ್ದು ಒಂದು. ನಮ್ಮ ಪುಟ್ಟ ಸ್ಟೇಷನ್ನಿನಲ್ಲಿ ಮಾತು ಆರ್ವಿಯ ಬಾಯಿಂದ ಹೊರಟ ಕ್ಷಣವೇ ಊರಿನ ಕಿವಿಗೆ ಬೀಳುತ್ತದೆ. ಹೊರಗಿನಿಂದ ಬಂದವನೊಬ್ಬ ಲುವೆಲ್ಲಾಳನ್ನು ಒಮ್ಮೆ ಕೇಳಿದ್ದ, "ಕಣ್ಣೆದುರಿಗೇ ಆಟ ನಡೀತಿದೆಯಲ್ಲಮ್ಮಾ, ರೇಡಿಯೋ ಯಾಕೆ?" ಲುವೆಲ್ಲಾ ಆರ್ವಿ ಕೂತು ಆಟ ಹೇಳುವ ಕೋಣೆಯ ಕಿಟಕಿಯ ಕೆಳಗಿನ ಸಾಲಿನಲ್ಲೇ ಕೂರುವ ಮುದುಕಿ, ಬಾಯಿ ಬಹಳ ಜೋರು. ಅವಳು ಅಂದಳು, "ನನ್ನ ಕಣ್ಣಿಗೆ ಕಂಡಿದ್ದು ನಿಜಾನಾ ಅಂತ ಆರ್ವಿ ಹೇಳ್ಬೇಕಲ್ಲಪ್ಪಾ!"

ಅವಳು ಹೇಳಿದ್ದು ತಮಾಷೆಯಲ್ಲ. ಆರ್ವಿ ಹೇಳಿದ ಮೇಲೆ ಚಪ್ಪಾಳೆ, ಅದು ನಮ್ಮೂರಿನ ಪದ್ಧತಿ. ಅದರಲ್ಲೂ ಹೋಮ್ ರನ್ ಹೊಡೆದಾಗ. ಚೆಂಡು ಬೇಲಿ ದಾಟಿ ಆಚೆ ಹೋಯಿತು ಅಂದರೆ ಆರ್ವಿ ಒಂದು ಮಾತು ಹೇಳುತ್ತಾರೆ. ಮನೆಗೆ ಬಂದ ನೆಂಟರು ಹೊರಟಾಗ ನಾವು ಬಾಗಿಲಲ್ಲಿ ನಿಂತು ಹೇಳುತ್ತೇವಲ್ಲ, ಅದೇ ಮಾತು: "ಹೋಗಿ ಬಾ ಮರಿ!" ಬ್ಯಾಟಿಗೆ ಚೆಂಡು ಸರಿಯಾಗಿ ತಗುಲಿದ ಕೂಡಲೇ "ಹೋ..." ಅಂತ ಮೆಲ್ಲಗೆ ಎಳೆಯಲು ಶುರು ಮಾಡುತ್ತಾರೆ. ಚೆಂಡು ಎತ್ತರ ಹೋದ ಹಾಗೆ ದನಿಯೂ ಎತ್ತರ ಹೋಗುತ್ತದೆ. ಬೇಲಿ ದಾಟಿದಾಗ "ಗಿ ಬಾ ಮರಿ!" ಅಂತ ಮುಗಿಸುತ್ತಾರೆ. ಮದುವೆಗಳಲ್ಲಿ ಹೆಣ್ಣನ್ನು ಕಳಿಸಿಕೊಡುವಾಗ ಕೂಡ ನಮ್ಮೂರಲ್ಲಿ ಯಾರೋ ಒಬ್ಬರು ಆರ್ವಿಯ ದನಿಯಲ್ಲಿ ಅದನ್ನು ಕೂಗಿಯೇ ಕೂಗುತ್ತಾರೆ.

ನನ್ನ ಹೆಸರು ಫ್ರಾನಿ ಬಿಲ್ಸ್ಕಿ. ಈ ವರ್ಷ ಆರ್ವಿಯ ಜೊತೆಗಾರ್ತಿಯಾಗಿ ಆ ಕೋಣೆಯಲ್ಲಿ ನನ್ನ ಮೊದಲ ವರ್ಷ. ಯಾರು ಎಷ್ಟು ಹೊಡೆದಿದ್ದಾರೆ ಅನ್ನುವುದನ್ನು ಹೇಳುವುದು, ಬಣ್ಣದ ಅಂಗಡಿಯ ಜಾಹೀರಾತು ಓದುವುದು, ಮಧ್ಯದ ಎರಡು ಇನಿಂಗ್ಸ್ ಮಾತಾಡುವುದು ನನ್ನ ಕೆಲಸ. ಆಟಕ್ಕೆ ಮುಂಚೆ ಸ್ಟೇಷನ್ನಿನ ಮುಖ್ಯಸ್ಥೆ ಗ್ರೆಚೆನ್ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದಳು.

"ನಿನ್ನ ದನಿ ಚೆನ್ನಾಗಿದೆ ಕಣೇ. ಆರ್ವಿ ನಂತರ ಆ ಕುರ್ಚಿ ನಿನ್ನದೇ. ಯಾವಾಗ ಅನ್ನೋದೊಂದೇ ಪ್ರಶ್ನೆ."

"ಇನ್ನೂ ಹತ್ತು ವರ್ಷ ಆಗುತ್ತೆ ಬಿಡಿ," ಅಂದೆ.

"ಹೋದ ಆಗಸ್ಟಲ್ಲಿ ಎರಡು ಮೂರು ಸಲ ತಪ್ಪು ಹೇಳಿದಾರೆ. ಕಿವಿ ತೆರೆದಿಟ್ಕೊಂಡಿರು," ಅಂದಳು.

ಆ ಕುರ್ಚಿಯ ಮೇಲೆ ನನಗೆ ಚಿಕ್ಕಂದಿನಿಂದ ಆಸೆ. ಪೊರಕೆ ಹಿಡಿದು ಅಡುಗೆಮನೆಯಲ್ಲಿ ಆಟ ಹೇಳುತ್ತಿದ್ದವಳು ನಾನು. ಅವಳ ಮಾತು ಕೇಳಿ ಖುಷಿಯೂ ಆಯಿತು, ಕಸಿವಿಸಿಯೂ ಆಯಿತು.

ಅಂತೂ ಆಟ ಶುರುವಾಯಿತು. ಏಪ್ರಿಲ್ ಅಂತ ಹೆಸರಿಗೆ, ಚಳಿ ಮಾತ್ರ ಮೂಳೆಗೆ ಇಳಿಯುತ್ತಿತ್ತು. ಜನ ಕಂಬಳಿ ಹೊದ್ದು, ತಲೆಗೆ ಟೋಪಿ ಮುಸುಕು ಎಲ್ಲಾ ಹಾಕಿಕೊಂಡು, ಸಾಸಿವೆ ಹಚ್ಚಿದ ಸಾಸೇಜ್ ಬನ್ನು ತಿನ್ನುತ್ತಾ ಕೂತಿದ್ದರು. ಆರ್ವಿ ಮೈಕು ಹತ್ತಿರ ಎಳೆದುಕೊಂಡು ಗಂಟಲು ಸರಿಮಾಡಿಕೊಂಡರು.

"ಸ್ನೇಹಿತರೇ, ಚಳಿಗಾಲ ಮುಗೀತು ಅಂತ ನಾನು ಹೇಳಲ್ಲ. ನಮ್ಮ ಕೋಣೆ ಕೆಳಗಿನ ಮೂಲೇಲಿ ಒಂದು ಹಿಮದ ಗುಡ್ಡೆ ಇನ್ನೂ ಕೂತಿದೆ. ಟಿಕೆಟ್ ತಗೊಂಡು ಬಂದಿದೆಯೋ ಇಲ್ವೋ ಗೊತ್ತಿಲ್ಲ. ಇರ್ಲಿ ಬಿಡಿ, ಆಟ ನೋಡ್ಲಿ ಪಾಪ, ಮೇ ತಿಂಗಳಿಗೆ ಅದು ಇರಲ್ವಲ್ಲ."

ಕೆಳಗೆ ಎಲ್ಲಾ ರೇಡಿಯೋಗಳಿಂದ ಆ ಮಾತು ಒಟ್ಟಿಗೆ ಕೇಳಿತು. ಜನ ನಕ್ಕರು. ಆರು ತಿಂಗಳು ಕೇಳದೇ ಇದ್ದ ದನಿ. ಕಿಟಕಿಯ ಕೆಳಗೇ ಒಬ್ಬ ಮೀನುಗಾರ ಕಣ್ಣೊರೆಸಿಕೊಂಡ, ಆಮೇಲೆ ಈರುಳ್ಳಿ ಖಾರ ಅಂತ ಹೆಂಡತಿಗೆ ಹೇಳಿದ.

ಈಗ ಒಂಬತ್ತನೇ ಇನಿಂಗ್ಸಿಗೆ ಬನ್ನಿ, ಅಂದರೆ ಕೊನೆಯದು. ಮಿಲ್‌ಟನ್ ತಂಡದವರು ನಮಗಿಂತ ಒಂದೇ ಒಂದು ರನ್ ಮುಂದೆ. ನಮ್ಮವನೊಬ್ಬ ಔಟಾಗಿದ್ದ. ಎರಡನೇ ಬೇಸಿನಲ್ಲಿ ಪೆಗೇರೊ ನಿಂತಿದ್ದ, ನಮ್ಮ ತಂಡದಲ್ಲೇ ಜೋರಾಗಿ ಓಡುವ ಹುಡುಗ. ಬ್ಯಾಟು ಹಿಡಿದು ಬಂದವನು ಡಾಕ್ರಿ. ಚೆಂಡು ಬೇಲಿ ದಾಟಿದರೆ ಇಬ್ಬರೂ ಸುತ್ತು ಮುಗಿಸಿ ಬ್ಯಾಟು ಹಿಡಿಯುವ ಜಾಗ ಮುಟ್ಟುತ್ತಾರೆ, ಎರಡು ರನ್, ನಾವು ಗೆದ್ದೆವು. ಬೇಲಿ ದಾಟದೆ ಯಾರಾದರೂ ಹಿಡಿದರೋ, ಪೆಗೇರೊ ತಿರುಗಿ ಎರಡನೇ ಬೇಸಿಗೆ ವಾಪಸ್ ಬರಬೇಕು. ಅವನು ಬರುವ ಮೊದಲು ಚೆಂಡು ಅಲ್ಲಿಗೆ ಬಂದರೆ ಅವನೂ ಔಟ್.

ಡಾಕ್ರಿ ಬೀಸಿದ. ಒಣಗಿದ ಸೌದೆ ಸೀಳಿದ ಹಾಗೆ ಸದ್ದು ಬಂತು.

"ಹೋ..." ಅಂದರು ಆರ್ವಿ. ಆರು ತಿಂಗಳ ಆಸೆ ನೋಡಿ, ಮೆಲ್ಲಗೆ ಶುರು ಮಾಡಬೇಕಾದವರು ಈ ಸಲ ಗಟ್ಟಿಯಾಗಿಯೇ ಶುರು ಮಾಡಿಬಿಟ್ಟರು. ಕೆಳಗಿನ ಜನ ಒಬ್ಬೊಬ್ಬರಾಗಿ, ಆಮೇಲೆ ಸಾಲುಸಾಲಾಗಿ ಎದ್ದು ನಿಂತರು. ಕಂಬಳಿಗಳು ಜಾರಿ ಬಿದ್ದವು.

ನಾನು ಚೆಂಡನ್ನೇ ನೋಡುತ್ತಿದ್ದೆ. ಎಡಗಡೆ ಬೇಲಿಗೆ ಬೆನ್ನು ಕೊಟ್ಟು ಮಿಲ್‌ಟನ್‌ನ ಹುಡುಗ ನಿಂತಿದ್ದ. ಹಾರುತ್ತಿಲ್ಲ, ಓಡುತ್ತಿಲ್ಲ, ಬಸ್ಸಿಗೆ ಕಾಯುವವನ ಹಾಗೆ ಕೈಗವಸು ಎತ್ತಿಕೊಂಡು ಸುಮ್ಮನೆ ನಿಂತಿದ್ದ. ನಾನು ಆರ್ವಿಯ ತೋಳು ಹಿಡಿಯಲು ಕೈ ಚಾಚಿದೆ.

"...ಗಿ ಬಾ ಮರಿ!"

ಅಯ್ಯೋ, ಆ ಗಲಾಟೆ! ಬಿಸಿ ಚಾಕೊಲೇಟಿನ ಲೋಟಗಳು ಗಾಳಿಯಲ್ಲಿ ಹಾರಿದವು. ಗುರುತಿಲ್ಲದವರು ಗುರುತಿಲ್ಲದವರನ್ನು ತಬ್ಬಿಕೊಂಡರು. ಪೆಗೇರೊ ಎರಡು ಕೈಯನ್ನೂ ಮೇಲೆತ್ತಿ, ನಗುತ್ತಾ, ದಿಬ್ಬಣದ ಗಂಡಿನ ಹಾಗೆ ಮೂರನೇ ಬೇಸು ದಾಟಿ ಬರುತ್ತಿದ್ದ. ಅಲ್ಲಿ ನಿಂತಿದ್ದ ಕೋಚ್ "ಹಿಂದೆ! ಹಿಂದೆ ಓಡೋ!" ಅಂತ ಗಂಟಲು ಹರಿದುಕೊಳ್ಳುತ್ತಿದ್ದ. ಪೆಗೇರೊ ಅವನ ಕೈಗೊಂದು ಏಟು ಹೊಡೆದು ಶಾಭಾಸ್ ಅಂದು ಮುಂದೆ ಹೋದ.

ಎಡಗಡೆ ಹುಡುಗ ಚೆಂಡು ಹಿಡಿದ. ನಿಧಾನವಾಗಿ ಎರಡನೇ ಬೇಸಿಗೆ ಎಸೆದ. ಅಂಪೈರ್ ಹೆಬ್ಬೆರಳು ಎತ್ತಿದ. ಇಬ್ಬರೂ ಔಟ್, ಮೊದಲಿನವನೂ ಸೇರಿ ಮೂವರು, ಅಲ್ಲಿಗೆ ಆಟ ಮುಗಿಯಿತು, ನಾವು ಸೋತೆವು. ನಮ್ಮೂರಿನ ಜನ ಇನ್ನೂ ಕುಣಿಯುತ್ತಲೇ ಇದ್ದರು.

"ಏನು ಶುರು ಸ್ನೇಹಿತರೇ, ಏನು ಶುರು!" ಅನ್ನುತ್ತಿದ್ದರು ಆರ್ವಿ.

ನಾನು ನನ್ನ ಮೈಕಿಗೆ ಬಗ್ಗಿದೆ. "ಆರ್ವಿ, ಹಿಡಿದುಬಿಟ್ಟ. ಇಬ್ಬರೂ ಔಟು. ಆಟ ಮುಗೀತು."

ಇಷ್ಟು ವರ್ಷದಲ್ಲಿ ರೇಡಿಯೋದಲ್ಲಿ ಯಾರೂ ಅವರನ್ನು ತಿದ್ದಿರಲಿಲ್ಲ. ನನ್ನ ಮಾತು ಊರಿನ ಜೇಬುಗಳಿಂದ ಹೊರಗೆ ಬಂದ ಹಾಗೆ ಗಲಾಟೆ ಸಾಲುಸಾಲಾಗಿ ಆರಿತು. ಆರ್ವಿ ಟೋಪಿ ಸರಿಮಾಡಿಕೊಂಡರು. ಆಮೇಲೆ, "ಸ್ನೇಹಿತರೇ, ಫ್ರಾನಿ ಹೇಳಿದ್ದೇ ಸರಿ. ನಾಳೆ ಮಧ್ಯಾಹ್ನ ಸಿಗೋಣ," ಅಂದು ಮೈಕು ಆರಿಸಿದರು.

ಕೆಳಗಿನಿಂದ ಲುವೆಲ್ಲಾ ಕೂಗಿದಳು. "ಆರ್ವೀ! ಹೋಗಿ ಬಾ ಅಂದೆ, ಪಾಪ, ಮಾತು ಕೇಳಿ ವಾಪಸ್ ಬಂದೇಬಿಡ್ತಲ್ಲೋ! ಇನ್ಮೇಲೆ ಬರೀ ಹೋಗು ಅನ್ನು!"

ಆ ಒಂದು ಮಾತಿಗೆ ಇಡೀ ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ಸೋತ ಬೇಸರ ಅರ್ಧ ಅಲ್ಲೇ ಕರಗಿತು. ಕೆಳಗೆ ಮೈದಾನದಲ್ಲಿ ಕೋಚು ಪೆಗೇರೊನ ಕಿವಿ ಹಿಂಡುವುದೊಂದು ಬಾಕಿ.

"ಊರಿಗೂರೇ ಎದ್ದು ಕುಣೀತಿದೆ ಸಾರ್," ಅನ್ನುತ್ತಿದ್ದ ಹುಡುಗ. "ನಾನೊಬ್ಬನೇ ತಿರುಗಿ ನೋಡ್ಬೇಕಿತ್ತಾ?"

"ಹೌದು ಕಣೋ! ಅದಕ್ಕೇ ದೇವರು ಕತ್ತು ಕೊಟ್ಟಿರೋದು!"

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಆರ್ವಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡರು, ಕುಡಿಯಲಿಲ್ಲ.

"ನೀನು ನೋಡಿದ್ಯಾ?"

"ನೋಡಿದೆ. ಅವನು ನಿಂತ ಜಾಗದಿಂದ ಕದಲಲೇ ಇಲ್ಲ."

"ನನಗೆ ಎರಡನೇ ಬೇಸಿನಿಂದ ಆಚೆ ಎಲ್ಲಾ ಒಂದು ಹಸಿರು ಕಂಬಳಿ ಕಣೇ. ಹೋದ ಬೇಸಿಗೆಯಿಂದ ಹೀಗೇ. ಡಾಕ್ಟರು ಇನ್ನು ಸರಿಹೋಗಲ್ಲ ಅಂದ್ರು."

"ಮತ್ತೆ ಇಷ್ಟು ದಿನ ಹೇಗೆ ಹೇಳಿದ್ರಿ?"

"ಬ್ಯಾಟಿನ ಸದ್ದು ಕೇಳ್ತೀನಿ. ಸದ್ದಲ್ಲೇ ಅರ್ಧ ಗೊತ್ತಾಗುತ್ತೆ. ಉಳಿದಿದ್ದಕ್ಕೆ ಜನ ಇದಾರಲ್ಲ? ನಮ್ಮ ಕೆಳಗೆ ಕೂತಿರೋರು ನನಗೆ ಚೆನ್ನಾಗೇ ಕಾಣ್ತಾರೆ. ಅವರು ಪೂರ್ತಿ ಎದ್ದು ನಿಂತ್ರೆ ಹೋಮ್ ರನ್. ಅರ್ಧ ಎದ್ದು ಕೂತ್ರೆ ಕ್ಯಾಚು. ಇವತ್ತು ಎಲ್ಲಾ ಎದ್ರು. ಅದಕ್ಕೇ ಹೇಳಿದೆ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ, ಕ್ಷಮಿಸಿ, ನಗು ತಡೆಯಲಾಗಲಿಲ್ಲ.

"ಆರ್ವಿ, ಅವರು ಎದ್ದಿದ್ದು ನಿಮ್ಮ ‘ಹೋ’ ಕೇಳಿ!"

ಅವರು ನನ್ನ ಮುಖವನ್ನೇ ನೋಡಿದರು. ಮೀಸೆ ನಡುಗಲು ಶುರುವಾಯಿತು. ಆಮೇಲೆ ಅವರೂ ನಗಲು ಶುರು ಮಾಡಿದರು, ಮೇಜು ಹಿಡಿದುಕೊಂಡು, ಕೆಮ್ಮು ಬರುವ ತನಕ.

"ಅಂದ್ರೆ ಇಡೀ ಮೈದಾನದಲ್ಲಿ ಚೆಂಡು ನೋಡ್ತಾ ಇದ್ದೋನು..."

"ಅದನ್ನ ಹಿಡಿದೋನೊಬ್ಬನೇ!"

ನಗು ಮುಗಿಯಿತು. ಕಾಫಿಯೂ ಆರಿತ್ತು. ಆರ್ವಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಗ್ರೆಚೆನ್ ನಿನ್ನ ಕರೆಸ್ತಾಳೆ. ಗಾಳಿ ಅಂದುಬಿಡು. ಚೆಂಡು ದಾಟೋದರಲ್ಲಿತ್ತು, ಸರೋವರದ ಗಾಳಿ ಹಿಂದಕ್ಕೆ ತಳ್ಳಿತು ಅಂತ. ಗಾಳಿ ಬೀಸ್ತಾ ಇತ್ತಲ್ಲ, ಪೂರ್ತಿ ಸುಳ್ಳೇನಲ್ಲ."

"ಆರ್ವಿ..."

"ಮನೇಲಿ ಕೂತು ನಾನು ಯಾರಿಗೆ ಆಟ ಹೇಳ್ಲಿ ಹೇಳು? ಬೆಕ್ಕಿಗಾ? ಅದಕ್ಕೆ ಬೇಸ್‌ಬಾಲ್ ಅಂದ್ರೆ ಆಗಲ್ಲ."

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮೆಟ್ಟಿಲು ಇಳಿದು ಗ್ರೆಚೆನ್ ಕೋಣೆಗೆ ಹೋದೆ. ಅವಳು ಮಧ್ಯಾಹ್ನದಿಂದ ಹಸಿದಿದ್ದಳೇನೋ, ಸಾಸೇಜ್ ಬನ್ನು ಕಚ್ಚುತ್ತಾ ಕೂತಿದ್ದಳು. ಕೂತುಕೋ ಅನ್ನಲೂ ಇಲ್ಲ.

"ಒಂದೇ ಪ್ರಶ್ನೆ. ಗಾಳೀನಾ, ಕಣ್ಣಾ?"

ನೋಡಿ, ಆ ಬಾಗಿಲಿನಿಂದ ಮೇಜಿನ ತನಕ ನಡೆಯುವಷ್ಟರಲ್ಲಿ ನಾನು ಎಲ್ಲಾ ಯೋಚಿಸಿದ್ದೆ. ಗಾಳಿ ಅಂದರೆ ಆರ್ವಿ ಉಳಿಯುತ್ತಾರೆ. ಆದರೆ ನಾಳೆಯೂ ಒಬ್ಬರೇ ಆ ಹಸಿರು ಕಂಬಳಿಯನ್ನು ನೋಡುತ್ತಾ ಕೂರಬೇಕು, ಇನ್ನೊಂದು ಸಲ ಹೀಗಾಗುತ್ತದೆ, ಮತ್ತೊಂದು ಸಲ ಆಗುತ್ತದೆ. ಇವತ್ತು ನಕ್ಕ ಜನ ಆಮೇಲೆ ನಗುವುದಿಲ್ಲ, ಮೆಲ್ಲಗೆ ರೇಡಿಯೋ ಆರಿಸುತ್ತಾರೆ. ಕಣ್ಣು ಅಂದರೆ ಕುರ್ಚಿ ನನ್ನದು. ಪೊರಕೆ ಹಿಡಿದು ಆಟ ಹೇಳುತ್ತಿದ್ದ ಹುಡುಗಿಗೆ ಅಷ್ಟೇ ಸಾಕಿತ್ತು.

"ಕಣ್ಣು," ಅಂದೆ.

ಗ್ರೆಚೆನ್ ಬನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ಗೆದ್ದ ಖುಷಿ ಏನೂ ಇರಲಿಲ್ಲ. ಅವಳೂ ಆರ್ವಿಯನ್ನು ಕೇಳಿಕೊಂಡೇ ಬೆಳೆದವಳು. "ಹಾಗಾದ್ರೆ ನಾಳೆಯಿಂದ ನೀನು."

"ಹೌದು, ನಾಳೆಯಿಂದ ನಾನು ನೋಡ್ತೀನಿ. ಹೇಳೋದು ಅವರೇ."

"ಹಂಗಂದ್ರೆ?"

"ಕೈ ಕೊಡಿ." ಅವಳ ಎಡಗೈಯನ್ನು ಮೇಜಿನ ಮೇಲೆ ಬೋರಲು ಇಡಿಸಿದೆ. "ಇದು ಮೈದಾನ. ಮಣಿಕಟ್ಟಲ್ಲಿ ಬ್ಯಾಟು ಹಿಡಿದೋನು. ಈ ಗೆಣ್ಣುಗಳ ಸಾಲಿದೆಯಲ್ಲ, ಅದು ಬೇಲಿ. ಚೆಂಡು ಹೋದ ಕಡೆ ನನ್ನ ಬೆರಳು ಹೋಗುತ್ತೆ. ಯಾರಾದ್ರೂ ಹಿಡಿದ್ರೆ ಅಲ್ಲೇ ಒತ್ತಿ ನಿಲ್ಲಿಸ್ತೀನಿ. ನೆಲಕ್ಕೆ ಬಿದ್ರೆ ಎರಡು ಸಲ ತಟ್ತೀನಿ. ಗೆಣ್ಣು ದಾಟಿ ಬೆರಳ ತುದಿಯಿಂದ ಆಚೆ ಜಾರಿತು ಅಂದ್ರೆ ಹೋಮ್ ರನ್."

ಅವಳ ಕೈಮೇಲಿದ್ದ ಸಾಸಿವೆ ನನ್ನ ಬೆರಳಿನ ಜೊತೆ ಗೆಣ್ಣು ದಾಟಿ ಮೇಜಿನ ಮೇಲಿನ ಕಾಗದಕ್ಕೆ ಬಳಿದುಕೊಂಡಿತು. ಗ್ರೆಚೆನ್ ಅದನ್ನೇ ನೋಡುತ್ತಾ ಕೂತಳು.

"ಕುರ್ಚಿ ಕೈಗೆ ಕೊಟ್ರೆ ಬೇಡ ಅಂತೀಯಲ್ಲ, ನಿನಗೆ ತಲೆ ನೆಟ್ಟಗಿದ್ಯಾ?"

"ಕಣ್ಣು ನನ್ನ ಹತ್ರ ಇದೆ. ಆ ಬಾಯಿ ಬೇರೆ ಯಾರ ಹತ್ರ ಇದೆ ಹೇಳಿ?"

"ನಾಳೆ ಒಂದು ಆಟ," ಅಂದಳು ಗ್ರೆಚೆನ್. "ಹೋಮ್ ರನ್ನು ಇನ್ನೊಂದು ಸಲ ತಪ್ಪಾಯ್ತೋ, ಆಮೇಲೆ ಒಬ್ಬಳೇ ಕೂತ್ಕೋಬೇಕು. ನೀನು ಬೇಡ ಅಂದ್ರೂ ಕೇಳಲ್ಲ."

ಈಗ ಕಷ್ಟದ ಕೆಲಸ. ಸಂಜೆ ಮನೆಯಿಂದ ಆರ್ವಿಗೆ ಫೋನು ಮಾಡಿ ಎಲ್ಲಾ ಹೇಳಿದೆ. ಕೈ, ಬೆರಳು, ಗೆಣ್ಣು, ಎಲ್ಲಾ. ಅವರು ಕೇಳಿಸಿಕೊಂಡರು.

"ಗಾಳಿ ಅನ್ನೋ ಮಾತಲ್ಲಿ ಎಷ್ಟು ಅಕ್ಷರ ಇದೆ, ಫ್ರಾನಿ?"

"ಎರಡು."

"ಕಣ್ಣು?"

"ಅದೂ ಎರಡು."

"ಮತ್ತೆ ಕಷ್ಟ ಏನಿತ್ತು ನಿನಗೆ?" ಅಂದು ಫೋನು ಇಟ್ಟುಬಿಟ್ಟರು.

ಮರುದಿನ ಮಧ್ಯಾಹ್ನ ಕೋಣೆಗೆ ಬಂದವರು ಮೈಕಿಗೆ ನಮಸ್ಕಾರ ಹೇಳಿದರು, ನನಗೆ ಹೇಳಲಿಲ್ಲ. ಎರಡೂ ಕೈಗೆ ದಪ್ಪನೆಯ ಕೆಂಪು ಉಣ್ಣೆಯ ಗವಸು. ಎಡಗೈಯನ್ನು ಮೇಜಿನ ಮೇಲೆ ಇಡುವ ಬದಲು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಚಳಿ ಇತ್ತು, ನಿಜ. ಆದರೆ ಆ ಗವಸು ಚಳಿಗೆ ಹಾಕಿದ್ದಲ್ಲ ಅಂತ ನನಗೆ ಗೊತ್ತಾಯಿತು.

ಮೊದಲ ಇನಿಂಗ್ಸ್ ನಡೆಯಿತು ನೋಡಿ, ಅಂಥ ವರದಿಯನ್ನು ನಮ್ಮೂರು ಯಾವತ್ತೂ ಕೇಳಿರಲಿಕ್ಕಿಲ್ಲ.

"ಹೊಡೆದ. ಚೆಂಡು ಮೇಲಕ್ಕೆ ಹೋಯ್ತು," ಅಂದರು ಆರ್ವಿ. ಆಮೇಲೆ ಬಹಳ ಹೊತ್ತು ಬಿಟ್ಟು, "ಕೆಳಕ್ಕೆ ಬಂತು."

ಕೆಳಗಿನಿಂದ ಲುವೆಲ್ಲಾ ಕತ್ತೆತ್ತಿದಳು. "ಎಲ್ಲಿ ಬಂತೋ ಆರ್ವಿ? ನನ್ನ ಮಡಿಲಿಗಾ?"

ಮುಂದಿನವನು ಹೊಡೆದ. "ಇದೂ ಮೇಲಕ್ಕೆ," ಅಂದರು. ನಾನು ತುಟಿ ಕಚ್ಚಿಕೊಂಡು ಸುಮ್ಮನೆ ಕೂತೆ. ನನ್ನ ಮೈಕು ನನ್ನ ಎದುರಿಗೇ ಇತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಊರಿಗೆಲ್ಲಾ ಗೊತ್ತಾಗುತ್ತಿತ್ತು. ಹೇಳಲಿಲ್ಲ. ಕಿಟಕಿಯ ಗಾಜಿನಲ್ಲಿ ಹಿಂದೆ ಬಾಗಿಲ ಹತ್ತಿರ ನಿಂತ ಗ್ರೆಚೆನ್ ಕಾಣುತ್ತಿದ್ದಳು, ಕೈಕಟ್ಟಿಕೊಂಡು.

ಬಣ್ಣದ ಅಂಗಡಿಯ ಜಾಹೀರಾತು ನಾನು ಓದಿ ಮುಗಿಸುವಷ್ಟರಲ್ಲಿ ಪಕ್ಕದಲ್ಲಿ ಏನೋ ಸರಕ್ ಅಂತು. ಎಡಗೈ ಗವಸು ಮೇಜಿನ ಮೇಲೆ ಬಿದ್ದಿತ್ತು. ಅದರ ಪಕ್ಕದಲ್ಲಿ ಕೈ ಬೋರಲಾಗಿ ಕೂತಿತ್ತು, ನರಗಳು ಎದ್ದ ದೊಡ್ಡ ಕೈ.

"ನಿನ್ನ ಬೆರಳು ಬಿಸಿ ಇದ್ಯಾ?" ಅಂದರು, ನನ್ನ ಕಡೆ ನೋಡದೆ.

"ಇಲ್ಲ."

"ಥೂ. ಇರ್ಲಿ, ನಡಿ."

ಮುಂದಿನ ಹೊಡೆತ ಬಲಗಡೆ ಹೋಯಿತು. ನನ್ನ ಬೆರಳು ಅವರ ತೋರುಬೆರಳ ಕಡೆ ಓಡಿ ಗೆಣ್ಣಿನ ಈಚೆ ನಿಂತು ಒತ್ತಿತು. "ಬಲಗಡೆ ಎತ್ತರಕ್ಕೆ, ಹಿಂದೆ ಹಿಂದೆ ಹೋಗ್ತಾ ಇದಾನೆ ಹುಡುಗ, ಬೇಲಿ ಬೆನ್ನಿಗೆ ತಾಗಬೇಕು, ಹಿಡಿದ! ಬೇಲಿಗೊಂದು ನಮಸ್ಕಾರ ಹೊಡೆದು ವಾಪಸ್ ಬರ್ತಾ ಇದಾನೆ!" ನಾನು ತೋರಿಸಿದ್ದು ಬರೀ ಒಂದು ಗೆರೆ. ಆ ನಮಸ್ಕಾರ ಎಲ್ಲಿಂದ ತಂದರೋ ದೇವರಿಗೇ ಗೊತ್ತು. ಆಮೇಲೆ ನೋಡಿದರೆ ಆ ಹುಡುಗ ನಿಜವಾಗಿಯೂ ಬೇಲಿಯನ್ನು ಮುಟ್ಟಿ ಬರುತ್ತಿದ್ದ.

ಇನಿಂಗ್ಸ್ ಮುಗಿದಾಗ ಆರ್ವಿ ಜಾಹೀರಾತಿಗೆ ಹೋಗಲಿಲ್ಲ.

"ಸ್ನೇಹಿತರೇ, ಒಂದು ಮಾತು. ನಿನ್ನೆ ಗಾಳಿ ಅಂತ ಕೆಲವರು ಹೇಳ್ತಿದ್ದೀರಿ. ಗಾಳಿ ಪಾಪ, ಏನೂ ಮಾಡಿಲ್ಲ. ನನಗೆ ಎರಡನೇ ಬೇಸಿನಿಂದ ಆಚೆ ಕಾಣಲ್ಲ. ಇವತ್ತಿಂದ ಫ್ರಾನಿ ನೋಡ್ತಾಳೆ, ನಾನು ಹೇಳ್ತೀನಿ. ನಿಮಗೆ ಬೇಡ ಅನ್ನಿಸಿದ್ರೆ ಸ್ಟೇಷನ್ನಿಗೆ ಫೋನ್ ಮಾಡಿ. ಗ್ರೆಚೆನ್ ಫೋನಿನ ಹತ್ರ ಇಲ್ಲ, ಇಲ್ಲೇ ನನ್ನ ಹಿಂದೆ ನಿಂತಿದಾಳೆ, ಆದ್ರೂ ಮಾಡಿ."

ಕೂಡಲೇ ಕೆಳಗಿನಿಂದ ಲುವೆಲ್ಲಾಳ ದನಿ.

"ಹೋದ ಆಗಸ್ಟಿಂದಾನೇ ಗೊತ್ತು ಕಣೋ! ದೂರದಲ್ಲಿ ನಿಂತಿದ್ದ ನನ್ನ ಗಂಡನಿಗೆ ಚೆನ್ನಾಗಿದ್ಯೇನಮ್ಮಾ ಅಂದಿದ್ಯಲ್ಲ ನೀನು!"

ಜನ ನಕ್ಕರು. ಯಾರೋ ಶಿಳ್ಳೆ ಹೊಡೆದರು. ಒಬ್ಬ ತನ್ನ ರೇಡಿಯೋವನ್ನು ತಲೆಯ ಮೇಲೆ ಎತ್ತಿ ಹಿಡಿದ, ಅವನ ಪಕ್ಕದವನೂ ಎತ್ತಿದ, ಆಮೇಲೆ ಇಡೀ ಸಾಲು. ಆರ್ವಿಗೆ ಅದು ಕಾಣುತ್ತಿತ್ತು, ಹತ್ತಿರದ್ದಲ್ಲವೇ.

ಇನ್ನು ಎಂಟನೇ ಇನಿಂಗ್ಸ್. ಎರಡು ಕಡೆಯ ರನ್ನೂ ಸಮ. ಪೆಗೇರೊ ಬ್ಯಾಟು ಹಿಡಿದು ಬಂದ. ನಿನ್ನೆಯ ಅವಮಾನ ಇನ್ನೂ ಅವನ ಹೆಗಲ ಮೇಲೆ ಕೂತಿತ್ತು. ಬೀಸಿದ ನೋಡಿ, ಅದೇ ಸೌದೆ ಸೀಳುವ ಸದ್ದು.

"ಹೋ..."

ನನ್ನ ಬೆರಳು ಮಣಿಕಟ್ಟಿನಿಂದ ಹೊರಟಿತು. ಎಡಗಡೆ, ನಿನ್ನೆ ಹೋದ ಕಡೆಗೇ. ಆರ್ವಿ ಅಭ್ಯಾಸಬಲದಿಂದ ಕೆಳಗಿನ ಜನರ ಕಡೆ ನೋಡಿದರು. ಒಬ್ಬರೂ ಎದ್ದಿರಲಿಲ್ಲ! ನಿನ್ನೆ ಕುಣಿದು ನಗೆಪಾಟಲಾದವರು ಇವತ್ತು ಬೆಂಚಿಗೆ ಅಂಟಿಕೊಂಡು ಕೂತಿದ್ದರು. ಆರ್ವಿ ಖಚಿತವಾಗಿ ಹೇಳುವ ತನಕ ಏಳಬಾರದು ಅಂತ ಊರಿಗೆ ಊರೇ ತೀರ್ಮಾನ ಮಾಡಿಕೊಂಡ ಹಾಗಿತ್ತು. ಬ್ಯಾಟಿನ ಸದ್ದು ಮುಗಿದಿತ್ತು. ಜನ ಏನೂ ಹೇಳುತ್ತಿರಲಿಲ್ಲ. ಅವರಿಗೆ ಉಳಿದದ್ದು ನನ್ನ ತಣ್ಣನೆಯ ಬೆರಳು ಒಂದೇ.

ಸುಳ್ಳು ಹೇಳುವುದಿಲ್ಲ, ಈ ಬೆರಳು ಒಂದು ಸಲ ತಪ್ಪಿದರೆ ಕುರ್ಚಿ ನನ್ನದು ಅನ್ನುವುದು ನೊಣದ ಹಾಗೆ ತಲೆಯೊಳಗೆ ಬಂದು ಹೋಯಿತು. ಬೆರಳು ನಿಲ್ಲಲಿಲ್ಲ. ಗೆಣ್ಣು ದಾಟಿತು, ಉಗುರು ದಾಟಿತು, ಮೇಜಿನ ಮೇಲೆ ಜಾರಿತು.

ಆರ್ವಿ ನನ್ನ ಕಡೆ ತಿರುಗಿದರು. ‘ಹೋ’ ಇನ್ನೂ ಎಳೆಯುತ್ತಲೇ ಇದ್ದರು, ಉಸಿರು ಮುಗಿಯುತ್ತಾ ಬಂದಿತ್ತು. ನಾನು ಹೌದು ಅಂತ ತಲೆ ಆಡಿಸಿದೆ.

"...ಗಿ ಬಾ ಮರಿ!"

ಯಾರೂ ಏಳದ ಮೈದಾನಕ್ಕೆ, ಒಬ್ಬರೇ, ಪೂರ್ತಿ ಗಂಟಲಿನಲ್ಲಿ ಕೂಗಿದರು. ಚೆಂಡು ಬೇಲಿಯ ಆಚೆ ನಿಲ್ಲಿಸಿದ್ದ ವ್ಯಾನಿನ ಮೇಲೆ ಡಬ್ ಅಂತ ಬಿತ್ತು. ಆಗ ಎದ್ದರು ನೋಡಿ! ನಿನ್ನೆಯ ಬಾಕಿಯನ್ನೂ ಸೇರಿಸಿ ಕುಣಿದರು.

ಪೆಗೇರೊ ಮಾತ್ರ ಮೊದಲನೇ ಬೇಸಿನ ಮೇಲೆ ಕಂಬದ ಹಾಗೆ ನಿಂತುಬಿಟ್ಟಿದ್ದ. ಕೋಚು "ಓಡೋ!" ಅಂದರೆ, "ಗ್ಯಾರಂಟೀನಾ ಸಾರ್?" ಅಂತಿದ್ದ. ಅಂಪೈರ್ ಬಂದು ಎದುರಿಗೆ ನಿಂತು ಬೆರಳು ತಿರುಗಿಸಿ ತೋರಿಸಿದ ಮೇಲೆಯೇ ಅವನು ಕದಲಿದ್ದು. ಅದನ್ನೂ ನಾನು ಆರ್ವಿಯ ಕಿವಿಯಲ್ಲಿ ಹೇಳಿದೆ, ಅವರು ಊರಿಗೆ ಹೇಳಿದರು. ಆಟ ನಾವೇ ಗೆದ್ದೆವು.

ಗ್ರೆಚೆನ್ ಹೋಗುವಾಗ ನನ್ನ ಬೆನ್ನ ಮೇಲೊಂದು ಗುದ್ದಿದಳು. "ಆ ಬೆರಳಿಗೆ ಇನ್ಶೂರೆನ್ಸ್ ಮಾಡಿಸ್ಕೋ. ಈ ವರ್ಷ ಪೂರ್ತಿ ಬೇಕು." ಅಷ್ಟೇ ಹೇಳಿದ್ದು. ಹೀಗೇ ನಡೆಯುತ್ತಿದೆ ಈಗ. ದೊಡ್ಡ ಕುರ್ಚಿಯಲ್ಲಿ ಅವರು, ಪಕ್ಕದ ಕುರ್ಚಿಯಲ್ಲಿ ನಾನು, ಮಧ್ಯೆ ಆ ಕೈ.

ಆದರೆ ಆರ್ವಿ ಇನ್ನೂ ನನ್ನನ್ನು ಪೂರ್ತಿ ಬಿಟ್ಟಿಲ್ಲ. ವಾರಕ್ಕೊಂದು ಸಲ, ಫ್ಲಾಸ್ಕು ಮುಚ್ಚುತ್ತಾ, "ಆದ್ರೂ ನೀನು ಗಾಳಿ ಅನ್ನಬಹುದಿತ್ತು ಕಣೇ," ಅನ್ನುತ್ತಾರೆ. ಪೆಗೇರೊನೂ ಅವರ ಕಡೆಯೇ. ದೊಡ್ಡವರು ಬಾಯಿಬಿಟ್ಟು ಕೇಳಿಕೊಂಡ ಮೇಲೆ ಗಾಳಿಯೇ ಗಾಳಿ ಅನ್ನುತ್ತಾನೆ ಅವನು. ನಮ್ಮಮ್ಮ, ಕೈಗೆ ಬಂದ ಕುರ್ಚಿಯನ್ನು ಯಾರಾದರೂ ಬಿಡುತ್ತಾರೇನೇ ದಡ್ಡೀ ಅನ್ನುತ್ತಾಳೆ. ಲುವೆಲ್ಲಾ ಒಬ್ಬಳೇ ನನ್ನ ಕಡೆ, ಅವಳೂ ದಿನ ಬಿಟ್ಟು ದಿನ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಗ್ರೆಚೆನ್ ಆ ಮೇಜಿನ ಆಚೆ ಕೂತು ನಿಮ್ಮ ಮುಖ ನೋಡಿ "ಗಾಳೀನಾ, ಕಣ್ಣಾ?" ಅಂದಿದ್ದರೆ, ನೀವು ಏನು ಹೇಳುತ್ತಿದ್ದಿರಿ?